ಬೆಳಿಗ್ಗೆ 6ರ ಕೆಲಸಕ್ಕೆ ಯಾರನ್ನು ನಂಬುವುದು? ಕ್ರಾನ್, ಟೈಮರ್, ಸೆಲರಿಗಳ ಹೋಲಿಕೆ

ಸಾಗರದ ಕಡೆಯ ಒಂದು ಅಡಿಕೆ ಬೆಳೆಗಾರರ ಸೊಸೈಟಿ ಅಂದುಕೊಳ್ಳಿ. ಅದಕ್ಕೊಂದು ಸಣ್ಣ ವೆಬ್ ಅಪ್ಲಿಕೇಶನ್ ಇದೆ. ಸಂಜೆ ಹೊತ್ತು ಗುಮಾಸ್ತರು ಶಿವಮೊಗ್ಗ ಮಾರುಕಟ್ಟೆಯ ರಾಶಿ, ಬೆಟ್ಟೆ, ಸರಕು, ಗೊರಬಲು ದರಗಳನ್ನು ತುಂಬುತ್ತಾರೆ. ಬೆಳಿಗ್ಗೆ 6ಕ್ಕೆ ಆ ದರ ಸದಸ್ಯರ ಮೊಬೈಲಿಗೆ ಎಸ್‌ಎಂಎಸ್ ಆಗಿ ಹೋಗಬೇಕು. ರಾತ್ರಿ 2ಕ್ಕೆ ಡೇಟಾಬೇಸ್ ಬ್ಯಾಕಪ್ ಆಗಬೇಕು. ತಿಂಗಳ ಒಂದನೇ ತಾರೀಖು ಸಾಲದ ಖಾತೆಗಳಿಗೆ ಬಡ್ಡಿ ಬೀಳಬೇಕು. ಯಾರೂ ಬಟನ್ ಒತ್ತದೆ, ಹಿಂದುಗಡೆ ತಮ್ಮಷ್ಟಕ್ಕೆ ನಡೆಯಬೇಕಾದ ಕೆಲಸಗಳು ಇವು.

ಇಂಥ ಕೆಲಸ ನಿಂತುಹೋದರೆ ಪರದೆಯ ಮೇಲೆ ಏನೂ ಕಾಣುವುದಿಲ್ಲ. ವೆಬ್‌ಸೈಟ್ ಚೆನ್ನಾಗಿಯೇ ತೆರೆಯುತ್ತದೆ. ಸದಸ್ಯರೊಬ್ಬರು ಫೋನ್ ಮಾಡಿ "ಇವತ್ತು ರೇಟು ಬರ್ಲೇ ಇಲ್ವಲ್ಲ ಮಾರಾಯ್ರೇ" ಅಂದಾಗಲೇ ಗೊತ್ತಾಗುವುದು. ಬ್ಯಾಕಪ್ ವಿಷಯದಲ್ಲಿ ಆ ಫೋನೂ ಬರುವುದಿಲ್ಲ. ಡಿಸ್ಕ್ ಕೈಕೊಟ್ಟ ದಿನ ಗೊತ್ತಾಗುತ್ತದೆ.

ಇಂಥ ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಸಾಧನಕ್ಕೆ ಶೆಡ್ಯೂಲರ್ ಎನ್ನುತ್ತಾರೆ. ಕ್ರಾನ್, ಸಿಸ್ಟಮ್‌ಡಿ ಟೈಮರ್, ಸೆಲರಿ ಹೀಗೆ ಬೇಕಾದಷ್ಟಿವೆ. ಯಾವುದು ಸುಲಭ ಎಂದು ನೋಡಿ ಆರಿಸುವವರೇ ಜಾಸ್ತಿ. ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗುವುದು, ನೆಟ್ ಹೋಗುವುದು ಮಾಮೂಲಿ. ಅದಕ್ಕೇ ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಹೊತ್ತು ತಪ್ಪಿದರೆ ಇದು ಏನು ಮಾಡುತ್ತದೆ? ಸುಮ್ಮನಿದ್ದುಬಿಡುತ್ತದಾ, ಆಮೇಲೆ ಮಾಡುತ್ತದಾ, ಅಥವಾ ಎರಡೆರಡು ಸಲ ಮಾಡುತ್ತದಾ?

ಇದರ ಉತ್ತರ ಎಲ್ಲ ಕೆಲಸಕ್ಕೂ ಒಂದೇ ಅಲ್ಲ. ರಾತ್ರಿ 2ರ ಬ್ಯಾಕಪ್ ತಪ್ಪಿದರೆ ಬೆಳಿಗ್ಗೆ 8ಕ್ಕೆ ಆದರೂ ಆಗಲಿ, ಒಳ್ಳೆಯದೇ. ದರದ ಮೆಸೇಜ್ ಮಧ್ಯಾಹ್ನ 3ಕ್ಕೆ ಹೋದರೆ ಉಪಯೋಗವಿಲ್ಲ. ಅಷ್ಟು ಹೊತ್ತಿಗೆ ಮಂಡಿಯಲ್ಲಿ ಹೊಸ ದರ ಬಂದಿರುತ್ತದೆ, ಹಳೆಯದನ್ನು ಓದಿ ಜನ ಗೊಂದಲಕ್ಕೆ ಬೀಳುತ್ತಾರೆ. ಬಡ್ಡಿಯಂತೂ ತಡವಾದರೂ ಬೀಳಲೇಬೇಕು, ಆದರೆ ಎರಡು ಸಲ ಬೀಳಲೇಬಾರದು. ಯಾವ ಸಾಧನ ಬೇಕು ಎಂದು ಹುಡುಕುವ ಮೊದಲು ನಿಮ್ಮ ಪ್ರತಿ ಕೆಲಸಕ್ಕೂ ಹೀಗೆ ಒಂದೊಂದು ಸಾಲು ಬರೆದುಕೊಳ್ಳಿ.

ಬದಲಾಯಿಸುವ ಮೊದಲು, ಎಲ್ಲಿ ಕೆಟ್ಟಿದೆ ನೋಡಿ

ಕೆಲಸ ಆಗಲಿಲ್ಲ ಅಂದ ಕೂಡಲೇ ಶೆಡ್ಯೂಲರ್ ಬದಲಾಯಿಸಲು ಹೋಗಬೇಡಿ. ಮೂರು ಜಾಗ ನೋಡಬೇಕು. ಗಡಿಯಾರ ಹೊಡೆಯಿತಾ? ಹೊಡೆದ ಮೇಲೆ ಕೆಲಸ ಶುರುವಾಯಿತಾ? ಶುರುವಾದದ್ದು ಕೊನೆ ಮುಟ್ಟಿತಾ?

ಗಡಿಯಾರ ಹೊಡೆದದ್ದಕ್ಕೆ ಸಾಕ್ಷಿ ಸಿಸ್ಟಮ್ ಲಾಗ್‌ನಲ್ಲಿರುತ್ತದೆ. ಕೆಲಸ ಶುರುವಾಗಿದೆಯಾ ಎಂದು ತಿಳಿಯಲು, ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ "ಶುರು" ಎಂದು ಹೊತ್ತಿನ ಸಮೇತ ಲಾಗ್ ಬರೆಸಿ. ಕೊನೆಯ ಸಾಲಿನಲ್ಲಿ "ಮುಗಿಯಿತು, ಇಷ್ಟು ಜನರಿಗೆ ಹೋಯಿತು" ಎಂದು ಬರೆಸಿ. ಇಷ್ಟಿದ್ದರೆ ಅರ್ಧ ತೊಂದರೆ ಅಲ್ಲೇ ಕಾಣುತ್ತದೆ.

ಕೊನೆ ಮುಟ್ಟಿದ್ದನ್ನು ಮಾತ್ರ ಸುಲಭಕ್ಕೆ ನಂಬಬಾರದು. ಎಸ್‌ಎಂಎಸ್‌ನ ಉದಾಹರಣೆಯೇ ಸಾಕು. ನಮ್ಮ ದೇಶದಲ್ಲಿ ಸಂಸ್ಥೆಗಳು ಕಳಿಸುವ ಎಸ್‌ಎಂಎಸ್‌ನ ಟೆಂಪ್ಲೇಟನ್ನು (ಮೆಸೇಜಿನ ಮಾದರಿ) ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ಮೊದಲೇ ನೋಂದಾಯಿಸಿರಬೇಕು. ಗುಮಾಸ್ತರು "ಇಂದಿನ ದರ" ಎಂಬುದನ್ನು "ಇವತ್ತಿನ ದರ" ಎಂದು ತಿದ್ದಿದರೂ ಟೆಂಪ್ಲೇಟ್ ಹೊಂದದೆ ಮೆಸೇಜ್ ದಾರಿಯಲ್ಲೇ ಬಿದ್ದುಹೋಗಬಹುದು. ಎಸ್‌ಎಂಎಸ್ ಸಾಗಿಸುವ ಗೇಟ್‌ವೇ ಸೇವೆ ನಿಮ್ಮ ಪ್ರೋಗ್ರಾಮಿಗೆ "ಸ್ವೀಕರಿಸಿದ್ದೇನೆ" ಎಂದು ಹೇಳಿರುತ್ತದೆ. ನಿಮ್ಮ ಲಾಗ್‌ನಲ್ಲಿ ಎಲ್ಲ ಹಸಿರು. ಇಲ್ಲಿ ಕ್ರಾನ್ ತೆಗೆದು ಸೆಲರಿ ಹಾಕಿದರೆ ಏನೂ ಬದಲಾಗುವುದಿಲ್ಲ ಅಲ್ವಾ? ಡೆಲಿವರಿ ವರದಿಯನ್ನು ವಾಪಸ್ ತರಿಸಿ ನೋಡಬೇಕು.

ಕ್ರಾನ್: ಹಳೆಯದು, ಗಟ್ಟಿ, ಆದರೆ ತಪ್ಪಿದ್ದು ತಪ್ಪಿದ್ದೇ

ಕ್ರಾನ್ 1970ರ ದಶಕದ ಯುನಿಕ್ಸ್ ಕಾಲದಿಂದ ಇದೆ. ಇವತ್ತಿಗೂ ಲಿನಕ್ಸ್ ಸರ್ವರ್‌ಗಳಲ್ಲಿ ಮೊದಲು ನೆನಪಾಗುವುದು ಇದೇ. ಐದು ಅಂಕಣ (ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ), ಒಂದು ಕಮಾಂಡ್, ಮುಗಿಯಿತು. "0 6 * * *" ಎಂದರೆ ದಿನಾ ಬೆಳಿಗ್ಗೆ 6ಕ್ಕೆ. ನಿಮಿಷಕ್ಕಿಂತ ಕಡಿಮೆ ಅಂತರ ಇದಕ್ಕೆ ಬರುವುದಿಲ್ಲ, ಸೊಸೈಟಿಗೆ ಅದು ಬೇಕೂ ಇಲ್ಲ.

ಹೊತ್ತು ತಪ್ಪಿದರೆ ಏನು ಮಾಡುತ್ತದೆ? ಏನೂ ಮಾಡುವುದಿಲ್ಲ. ರಾತ್ರಿ 2ಕ್ಕೆ ಮೆಷಿನ್ ಆಫ್ ಆಗಿತ್ತು ಅಂದರೆ ಆವತ್ತಿನ ಬ್ಯಾಕಪ್ ಇಲ್ಲ. ಮುಂದಿನದು ನಾಳೆ ರಾತ್ರಿಯೇ. ಈ ಕೊರತೆ ತುಂಬಲು ಅನಾಕ್ರಾನ್ ಎಂಬುದಿದೆ. ಅದು ದಿನದ ಲೆಕ್ಕದಲ್ಲಿ ಮಾತ್ರ ಯೋಚಿಸುತ್ತದೆ, ಗಂಟೆ ನಿಮಿಷ ಅದಕ್ಕೆ ತಿಳಿಯದು. ಬ್ಯಾಕಪ್ಪಿಗೆ ಆದೀತು, ಬೆಳಗಿನ ದರಕ್ಕೆ ಆಗದು.

ಕ್ರಾನ್‌ನಲ್ಲಿ ಕಾಣುವ ತೊಂದರೆಗಳು ಹೆಚ್ಚುಕಡಿಮೆ ಎಲ್ಲ ಊರಲ್ಲೂ ಒಂದೇ. ಟರ್ಮಿನಲ್‌ನಲ್ಲಿ ಕೈಯಾರೆ ಓಡಿಸಿದರೆ ಓಡುತ್ತದೆ, ಕ್ರಾನ್‌ನಲ್ಲಿ ಓಡುವುದಿಲ್ಲ. ಕಾರಣ ಪಾತ್, ಅಂದರೆ ಪ್ರೋಗ್ರಾಮುಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ. ನೀವು ಲಾಗಿನ್ ಆದಾಗ ಸಿಗುವ ಪರಿಸರ ಕ್ರಾನ್‌ಗೆ ಸಿಗುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದೆರಡು ಮೂಲ ಫೋಲ್ಡರ್ ಮಾತ್ರ. ನಿಮ್ಮ ಪೈಥಾನ್ ವರ್ಚುವಲ್ ಎನ್ವಿರಾನ್‌ಮೆಂಟಿನಲ್ಲಿದ್ದರೆ, ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಮ್) ಬೇರೆ ಜಾಗದಲ್ಲಿದ್ದರೆ, ಡೇಟಾಬೇಸ್ ಪಾಸ್‌ವರ್ಡ್ ಪ್ರೊಫೈಲ್ ಫೈಲಿನಲ್ಲಿದ್ದರೆ, ಯಾವುದೂ ಸಿಗದು. ಕಂಡುಹಿಡಿಯುವ ಉಪಾಯ ಸುಲಭ. ಪರಿಸರದ ಎಲ್ಲ ವೇರಿಯಬಲ್‌ಗಳನ್ನು ಒಂದು ಫೈಲಿಗೆ ಬರೆಯುವ ಸಾಲೊಂದನ್ನು ಕ್ರಾನ್‌ಟ್ಯಾಬ್‌ನಲ್ಲಿ (ಕ್ರಾನ್ ಓದುವ ಕೆಲಸಗಳ ಪಟ್ಟಿ) ನಿಮಿಷಕ್ಕೊಮ್ಮೆ ಎಂದು ಹಾಕಿ. ಒಂದು ನಿಮಿಷ ಕಾದು ಆ ಫೈಲನ್ನೂ ನಿಮ್ಮ ಟರ್ಮಿನಲ್ಲಿನ ಪರಿಸರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಆಮೇಲೆ ಆ ಸಾಲು ತೆಗೆಯಲು ಮರೆಯಬೇಡಿ.

ಇನ್ನೊಂದು, ಬ್ಯಾಕಪ್ ಮಾಡುವವರನ್ನೇ ಕಾಡುವಂಥದ್ದು. ಫೈಲಿನ ಹೆಸರಲ್ಲಿ ತಾರೀಖು ಬರಲಿ ಎಂದು ಕ್ರಾನ್‌ಟ್ಯಾಬ್ ಸಾಲಿನಲ್ಲೇ % ಚಿಹ್ನೆ ಬಳಸುತ್ತಾರೆ. ಕ್ರಾನ್‌ಟ್ಯಾಬ್‌ನಲ್ಲಿ % ಎಂದರೆ ಅಲ್ಲಿಗೆ ಸಾಲು ಮುಗಿದ ಹಾಗೆ. ಕಮಾಂಡ್ ಅರ್ಧಕ್ಕೇ ತುಂಡಾಗುತ್ತದೆ. ಟರ್ಮಿನಲ್‌ನಲ್ಲಿ ಅದೇ ಸಾಲು ಸರಿಯಾಗಿಯೇ ಓಡುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಪ್ರತಿ % ಗಿಂತ ಮೊದಲು ಒಂದು ಬ್ಯಾಕ್‌ಸ್ಲ್ಯಾಶ್ (\) ಹಾಕಿ. ಇಲ್ಲವೇ ಎಲ್ಲವನ್ನೂ ಒಂದು ಸ್ಕ್ರಿಪ್ಟ್ ಫೈಲಿಗೆ ಹಾಕಿ ಅದನ್ನು ಮಾತ್ರ ಕರೆಯಿರಿ. ನನಗೆ ಎರಡನೆಯದೇ ಇಷ್ಟ.

ತಾರೀಖು ಮತ್ತು ವಾರ ಎರಡನ್ನೂ ಹಾಕಿದಾಗಲೂ ಎಚ್ಚರ. "0 10 1 * 1" ಎಂದು ಬರೆದರೆ "ಒಂದನೇ ತಾರೀಖು ಸೋಮವಾರ ಬಂದಾಗ" ಎಂದು ಅರ್ಥ ಮಾಡಿಕೊಳ್ಳುತ್ತೇವೆ. ಕ್ರಾನ್ ಹಾಗೆ ಓದುವುದಿಲ್ಲ. ಒಂದನೇ ತಾರೀಖೂ ಓಡಿಸುತ್ತದೆ, ಪ್ರತಿ ಸೋಮವಾರವೂ ಓಡಿಸುತ್ತದೆ. ಬಡ್ಡಿ ಹಾಕುವ ಕೆಲಸಕ್ಕೆ ಹೀಗಾದರೆ ಗತಿ ಏನು!

ಕ್ರಾನ್ ತನ್ನ ಔಟ್‌ಪುಟ್ಟನ್ನು ಮೇಲ್ ಮಾಡಲು ನೋಡುತ್ತದೆ. ಸರ್ವರ್‌ನಲ್ಲಿ ಮೇಲ್ ವ್ಯವಸ್ಥೆ ಇಲ್ಲದಿದ್ದರೆ ಅದನ್ನು ಬಿಸಾಡಿ, ಬಿಸಾಡಿದ್ದೇನೆ ಎಂದು ಸಿಸ್‌ಲಾಗ್‌ನಲ್ಲಿ (ಸಿಸ್ಟಮ್ ಲಾಗ್) ಒಂದು ಸಾಲು ಬರೆಯುತ್ತದೆ. ಆ ಸಾಲು ಕಂಡರೆ ನಿಮ್ಮ ಪ್ರೋಗ್ರಾಮ್ ಏನನ್ನೋ ಹೇಳಲು ಪ್ರಯತ್ನಿಸಿದೆ ಎಂದೇ ಅರ್ಥ. ಔಟ್‌ಪುಟ್, ಎರರ್ ಎರಡನ್ನೂ ಒಂದು ಫೈಲಿಗೆ ತಿರುಗಿಸಿಕೊಳ್ಳಿ.

ಸಿಸ್ಟಮ್‌ಡಿ ಟೈಮರ್: ಮಲೆನಾಡಿಗೆ ನನ್ನ ಮೊದಲ ಆಯ್ಕೆ

ಒಂದೇ ಲಿನಕ್ಸ್ ಮೆಷಿನ್ ಇದೆ, ಅದು ಆಫೀಸಿನಲ್ಲೇ ಯುಪಿಎಸ್ ಮೇಲೆ ನಿಂತಿದೆ, ರಾತ್ರಿ ಪೂರ್ತಿ ಕರೆಂಟು ಹೋದರೆ ಯುಪಿಎಸ್ ತಾಳುವುದಿಲ್ಲ. ಹೀಗಿದ್ದರೆ ಸಿಸ್ಟಮ್‌ಡಿಯ ಟೈಮರ್ ಬಳಸಿ. ಲಿನಕ್ಸಿನಲ್ಲಿ ಸರ್ವಿಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವುದೇ ಸಿಸ್ಟಮ್‌ಡಿ.

ಬರೆಯುವುದು ಸ್ವಲ್ಪ ಜಾಸ್ತಿ. ಕೆಲಸಕ್ಕೊಂದು ಸರ್ವಿಸ್ ಫೈಲ್, ಹೊತ್ತಿಗೊಂದು ಟೈಮರ್ ಫೈಲ್. ಟೈಮರನ್ನು ಎನೇಬಲ್ ಮಾಡಿ ಶುರು ಮಾಡಬೇಕು. ಸರ್ವಿಸನ್ನು ಮಾತ್ರ ಎನೇಬಲ್ ಮಾಡಿ ಟೈಮರನ್ನು ಬಿಟ್ಟರೆ ಹೊತ್ತಿಗೆ ಏನೂ ಓಡುವುದಿಲ್ಲ. ಆದರೆ ಇದರಲ್ಲಿ "ಪರ್ಸಿಸ್ಟೆಂಟ್" ಎಂಬ ಒಂದು ಸೆಟ್ಟಿಂಗ್ ಇದೆ. ಅದನ್ನು ಟ್ರೂ ಮಾಡಿದರೆ, ಕೊನೆಯ ಸಲ ಯಾವಾಗ ಓಡಿತು ಎಂಬುದನ್ನು ಟೈಮರ್ ಡಿಸ್ಕಿನಲ್ಲಿ ಬರೆದಿಡುತ್ತದೆ. ಮೆಷಿನ್ ಎದ್ದ ಮೇಲೆ, ಮಧ್ಯದಲ್ಲಿ ಒಂದು ಹೊತ್ತು ತಪ್ಪಿದೆ ಎಂದು ಗೊತ್ತಾದರೆ ಆಗಲೇ ಓಡಿಸುತ್ತದೆ. ಮೂರು ದಿನ ಆಫ್ ಆಗಿದ್ದರೂ ಮೂರು ಸಲ ಓಡಿಸುವುದಿಲ್ಲ, ಒಂದೇ ಸಲ. ಬ್ಯಾಕಪ್ಪಿಗೆ ಬೇಕಾದದ್ದು ಇದೇ.

ಇನ್ನೊಂದು ಒಳ್ಳೆಯ ಗುಣ. ಹಿಂದಿನ ಓಟ ಇನ್ನೂ ಮುಗಿದಿಲ್ಲವಾದರೆ ಎರಡನೆಯದನ್ನು ಅದರ ಮೇಲೆ ಶುರು ಮಾಡುವುದಿಲ್ಲ. ಲಾಗ್ ಹುಡುಕಲು ಅಲೆಯಬೇಕಿಲ್ಲ, ಸಿಸ್ಟಮ್‌ಡಿಯ ಲಾಗ್ ಆದ ಜರ್ನಲ್‌ನಲ್ಲಿ ಆ ಸರ್ವಿಸಿನ ಹೆಸರು ಹಾಕಿದರೆ ಎಲ್ಲ ಬರುತ್ತದೆ. ಟೈಮರ್‌ಗಳ ಪಟ್ಟಿ ಕೇಳಿದರೆ ಹಿಂದೆ ಯಾವಾಗ ಓಡಿತು, ಮುಂದೆ ಯಾವಾಗ ಓಡುತ್ತದೆ ಎರಡನ್ನೂ ತೋರಿಸುತ್ತದೆ. ಕ್ರಾನ್ ಇದನ್ನು ಕೊಡುವುದಿಲ್ಲ.

ತೊಂದರೆ ಬರುವುದು ಕರೆಂಟು ವಾಪಸ್ ಬಂದ ಆ ಹೊತ್ತಿನಲ್ಲಿ. ಮೆಷಿನ್ ಬೇಗ ಏಳುತ್ತದೆ, ರೂಟರ್ ಎದ್ದು ನೆಟ್ ಹಿಡಿಯಲು ಇನ್ನೊಂದೆರಡು ನಿಮಿಷ ಬೇಕು. ಟೈಮರ್ ಆಗಲೇ ಕೆಲಸ ಶುರು ಮಾಡಿರುತ್ತದೆ, ನೆಟ್ ಇಲ್ಲದೆ ಸೋಲುತ್ತದೆ. ಹೊತ್ತು ಮಾತ್ರ ಓಡಿದ್ದು ಎಂದೇ ದಾಖಲಾಗುತ್ತದೆ. ಆದ್ದರಿಂದ ನೆಟ್‌ವರ್ಕ್ ಬಂದ ಮೇಲೆಯೇ ಶುರುವಾಗಲಿ ಎಂದು ಸರ್ವಿಸ್ ಫೈಲಿನಲ್ಲಿ ಬರೆಯಿರಿ, ಸೋತರೆ ಸ್ವಲ್ಪ ಬಿಟ್ಟು ಮತ್ತೆ ಪ್ರಯತ್ನಿಸಲಿ ಎಂದೂ ಹೇಳಿ. ಮೊದಲನೆಯದನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ರೂಟರಿನವರೆಗೆ ಸಂಪರ್ಕ ಸಿಕ್ಕಿದರೂ ಅದು ನೆಟ್‌ವರ್ಕ್ ಬಂತು ಎಂದುಕೊಳ್ಳುತ್ತದೆ.

ತೋಟದಲ್ಲಿ ಮಳೆ ಅಳೆಯಲು ರಾಸ್ಪ್‌ಬೆರಿ ಪೈ (ಅಂಗೈಯಷ್ಟು ಸಣ್ಣ ಕಂಪ್ಯೂಟರ್) ಇಟ್ಟವರಿಗೆ ಒಂದು ಮಾತು. ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟು ಹೋಗಿ ಬಂದ ಮೇಲೆ, ನೆಟ್‌ನಿಂದ ಹೊತ್ತು ಸಿಗುವವರೆಗೆ ಅದು ಹಳೆಯ ಹೊತ್ತನ್ನೇ ತೋರಿಸುತ್ತದೆ. ಆಗುಂಬೆ, ಹೊಸನಗರದಂಥ ಕಡೆ ನೆಟ್ ದಿನಗಟ್ಟಲೆ ಬಾರದಿದ್ದರೆ ಮಳೆಯ ಲೆಕ್ಕ ತಪ್ಪು ದಿನಕ್ಕೆ ಸೇರುತ್ತದೆ. ಬ್ಯಾಟರಿಯಿಂದ ಹೊತ್ತು ಉಳಿಸುವ ಒಂದು ಸಣ್ಣ ಆರ್‌ಟಿಸಿ ಮಾಡ್ಯೂಲ್ ಹಾಕಿಕೊಳ್ಳಿ. ಯಾವ ಶೆಡ್ಯೂಲರ್ ಹಾಕಿದರೂ ಗಡಿಯಾರವೇ ಸುಳ್ಳಾದರೆ ಪ್ರಯೋಜನವಿಲ್ಲ.

ವರ್ಡ್‌ಪ್ರೆಸ್‌ನ ಕ್ರಾನ್: ಜನ ಬಂದರೆ ಮಾತ್ರ

ತೀರ್ಥಹಳ್ಳಿ, ಸಾಗರದ ಕಡೆಯ ಹೋಮ್‌ಸ್ಟೇಗಳ ಸೈಟುಗಳಲ್ಲಿ ವರ್ಡ್‌ಪ್ರೆಸ್ (ಸೈಟು ಕಟ್ಟುವ ತಂತ್ರಾಂಶ) ಬಹಳ. ಅದರೊಳಗಿನ ಕ್ರಾನ್ ನಿಜವಾದ ಗಡಿಯಾರವಲ್ಲ. ಯಾರಾದರೂ ಸೈಟಿಗೆ ಬಂದಾಗ, "ಹೊತ್ತಾದ ಕೆಲಸ ಏನಾದರೂ ಇದೆಯಾ" ಎಂದು ನೋಡುತ್ತದೆ, ಅಷ್ಟೇ. ಜೂನ್, ಜುಲೈಯಲ್ಲಿ ಗಿರಾಕಿ ಕಡಿಮೆ. 6ಕ್ಕೆ ಆಗಬೇಕಾದ ಬುಕಿಂಗ್ ನೆನಪಿನ ಮೇಲ್ 10ಕ್ಕೆ ಮೊದಲ ಗಿರಾಕಿ ಬಂದಾಗ ಹೋಗುತ್ತದೆ. ಪೇಜ್ ಕ್ಯಾಶ್ (ಮೊದಲೇ ತಯಾರಿಸಿಟ್ಟ ಪುಟ ಕೊಡುವುದು) ಹಾಕಿದ್ದರೆ ಇನ್ನೂ ಕಷ್ಟ. ಗಿರಾಕಿ ಬಂದರೂ ಕ್ಯಾಶ್‌ನಿಂದಲೇ ಪುಟ ಹೋಗುತ್ತದೆ, ವರ್ಡ್‌ಪ್ರೆಸ್ ಓಡಿಸುವ ಪಿಎಚ್‌ಪಿ ಏಳುವುದೇ ಇಲ್ಲ. ಸೈಟಿಗೆ ಪಾಸ್‌ವರ್ಡ್ ಅಥವಾ ಫೈರ್‌ವಾಲ್ ಹಾಕಿದ್ದರೆ, ಸೈಟು ತನ್ನನ್ನು ತಾನೇ ಕರೆಯುವ ಕರೆಯೂ ಅಲ್ಲೇ ನಿಲ್ಲುತ್ತದೆ.

ಇದಕ್ಕೆ ಒಂದೇ ಮದ್ದು. ಕಾನ್ಫಿಗ್ ಫೈಲಿನಲ್ಲಿ ಒಳಗಿನ ಕ್ರಾನನ್ನು ಆಫ್ ಮಾಡಿ, ಹೋಸ್ಟಿಂಗ್ ಪ್ಯಾನೆಲ್‌ನ ನಿಜವಾದ ಕ್ರಾನ್‌ನಿಂದ 5 ನಿಮಿಷಕ್ಕೊಮ್ಮೆ ಅದನ್ನು ಕರೆಸಿ. ಎರಡನ್ನೂ ಮಾಡಬೇಕು. ಮೊದಲನೆಯದನ್ನು ಮಾತ್ರ ಮಾಡಿ ಬಿಟ್ಟರೆ ಯಾವ ಕೆಲಸವೂ ಓಡುವುದಿಲ್ಲ.

ಅಪ್ಲಿಕೇಶನ್ ಒಳಗೇ ಗಡಿಯಾರ ಇಟ್ಟರೆ

ಪೈಥಾನ್‌ಗೆ ಎಪಿ ಶೆಡ್ಯೂಲರ್, ನೋಡ್‌ಗೆ ನೋಡ್ ಕ್ರಾನ್ ಇವೆ. ಸರ್ವರ್ ಮುಟ್ಟದೆ ಕೋಡಿನಲ್ಲೇ ಬರೆಯಬಹುದು ಎಂದು ಹುಡುಗರಿಗೆ ಇವು ಇಷ್ಟ. ನಾನು ಇವನ್ನು ಕಲಿಯಲಿಕ್ಕೆ ಬಳಸಿ ಎನ್ನುತ್ತೇನೆ, ಸೊಸೈಟಿಯ ದುಡ್ಡಿನ ಕೆಲಸಕ್ಕೆ ಬೇಡ.

ಕಾರಣ ಹೇಳುತ್ತೇನೆ. ಪೈಥಾನಿನ ವೆಬ್ ಸರ್ವರ್ ಗುನಿಕಾರ್ನ್ ಹಿಂದೆ ನಾಲ್ಕು ವರ್ಕರ್ (ಕೆಲಸ ಮಾಡುವ ಪ್ರೋಸೆಸ್) ಇದ್ದರೆ ಸಾಮಾನ್ಯವಾಗಿ ನಾಲ್ಕರಲ್ಲೂ ಒಂದೊಂದು ಗಡಿಯಾರ ಹುಟ್ಟುತ್ತದೆ. ಒಬ್ಬೊಬ್ಬ ಸದಸ್ಯರಿಗೆ ದರದ ಮೆಸೇಜ್ ನಾಲ್ಕು ಸಲ ಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಒಂದೇ ಪ್ರೋಸೆಸ್ ಇರುವುದರಿಂದ ಪರೀಕ್ಷೆ ಮಾಡುವಾಗ ಇದು ಕಾಣುವುದಿಲ್ಲ. ಎಪಿ ಶೆಡ್ಯೂಲರಿನ 3ನೇ ಆವೃತ್ತಿಯಲ್ಲಿ ಇನ್ನೊಂದು ಇದೆ: ಹೊತ್ತು ಮೀರಿದ ಮೇಲೆ ಅದು ಕಾಯುವುದು ತಾನಾಗಿ (ನಾವು ಬದಲಿಸದಿದ್ದರೆ) 1 ಸೆಕೆಂಡ್ ಮಾತ್ರ. ಆ ಕ್ಷಣ ಸರ್ವರ್ ಬೇರೆ ಕೆಲಸದಲ್ಲಿ ಸಿಕ್ಕಿಕೊಂಡಿದ್ದರೆ ಆ ಓಟವನ್ನೇ ಬಿಟ್ಟುಬಿಡುತ್ತದೆ. ಈ ಅವಧಿಯನ್ನು ಹೆಚ್ಚಿಸಿಕೊಳ್ಳಬಹುದು. ಉಚಿತ ಹೋಸ್ಟಿಂಗ್‌ನಲ್ಲಂತೂ ಸ್ವಲ್ಪ ಹೊತ್ತು ಯಾರೂ ಬರದಿದ್ದರೆ ಅಪ್ಲಿಕೇಶನ್ನನ್ನೇ ಮಲಗಿಸುತ್ತಾರೆ, ಅದರ ಜೊತೆ ಗಡಿಯಾರವೂ ಮಲಗುತ್ತದೆ.

ಸೆಲರಿ, ಲಾರಾವೆಲ್: ಕ್ಯೂ ಇದ್ದವರಿಗೆ

ಸೆಲರಿ ಎಂದರೆ ಕೆಲಸಗಳನ್ನು ಕ್ಯೂನಲ್ಲಿ (ಸರತಿಯಲ್ಲಿ) ನಿಲ್ಲಿಸಿ ಮಾಡಿಸುವ ಪೈಥಾನ್ ತಂತ್ರಾಂಶ. ಅದರಲ್ಲಿ ಬೀಟ್ ಎಂಬುದು ಹೊತ್ತು ನೋಡಿ ಕೆಲಸವನ್ನು ಕ್ಯೂಗೆ ಹಾಕುತ್ತದೆ. ಮಾಡುವವನು ವರ್ಕರ್. ಮಧ್ಯೆ ಆ ಕ್ಯೂ ಹಿಡಿದಿಡುವ ರೆಡಿಸ್ ಅಥವಾ ರ‍್ಯಾಬಿಟ್‌ಎಂಕ್ಯೂ. ಮೂರರಲ್ಲಿ ಯಾವುದು ಬಿದ್ದರೂ ಕೆಲಸ ನಿಂತಿತು. ಹುಡುಕುವಾಗಲೂ ಇದೇ ಕ್ರಮ: ಬೀಟ್‌ನ ಲಾಗ್‌ನಲ್ಲಿ ಕಳಿಸಿದೆ ಎಂದಿದೆಯಾ, ಕ್ಯೂ ಉದ್ದ ಬೆಳೆಯುತ್ತಿದೆಯಾ, ವರ್ಕರ್ ಕೈಗೆತ್ತಿಕೊಂಡಿದೆಯಾ. ಕ್ಯೂ ಬೆಳೆಯುತ್ತಿದ್ದರೆ ವರ್ಕರ್ ಸತ್ತಿದೆ, ಇಲ್ಲವೇ ಬೇರೆ ಕ್ಯೂ ನೋಡುತ್ತಿದೆ.

ಹೊತ್ತು ತಪ್ಪಿದರೆ ಇಲ್ಲಿ ಕಥೆ ಉಲ್ಟಾ. ಬೀಟ್ ಬದುಕಿದ್ದು ವರ್ಕರ್ ಮಾತ್ರ ರಾತ್ರಿಯೆಲ್ಲ ಬಿದ್ದಿದ್ದರೆ, ಬೆಳಿಗ್ಗೆ ಅದು ಎದ್ದ ಕೂಡಲೇ ಸೇರಿಕೊಂಡಿದ್ದೆಲ್ಲ ಒಟ್ಟಿಗೆ ಓಡುತ್ತದೆ. 5 ನಿಮಿಷದ ಕೆಲಸವಾದರೆ ಗಂಟೆಗೆ 12ರಂತೆ ಸೇರಿರುತ್ತದೆ. ದರದ ಮೆಸೇಜಿನಂಥ ಕೆಲಸಕ್ಕೆ ಎಕ್ಸ್‌ಪೈರಿ ಹಾಕಿ, ಒಂದು ಗಂಟೆ ದಾಟಿದರೆ ವರ್ಕರ್ ತಾನೇ ಬಿಟ್ಟುಬಿಡಲಿ. ಎರಡು ಸರ್ವರ್ ಇದ್ದರೂ ಬೀಟ್ ಒಂದೇ ಕಡೆ ಇರಬೇಕು, ಎರಡಾದರೆ ಎಲ್ಲವೂ ಎರಡು ಸಲ.

ಪಿಎಚ್‌ಪಿಯ ಫ್ರೇಮ್‌ವರ್ಕ್ ಆದ ಲಾರಾವೆಲ್ ಬಳಸುವವರಿಗೆ ಕೋಡಿನಲ್ಲೇ ಹೊತ್ತು ಬರೆಯುವ ಅನುಕೂಲ ಇದೆ, ಅದನ್ನು ಎಬ್ಬಿಸಲು ಸರ್ವರಿನಲ್ಲಿ ನಿಮಿಷಕ್ಕೊಮ್ಮೆ ಓಡುವ ಒಂದು ಕ್ರಾನ್ ಸಾಲು ಬೇಕು. ಹೊಸ ಸರ್ವರಿಗೆ ಹೋದಾಗ ಮರೆತುಹೋಗುವುದು ಆ ಸಾಲೇ. ಒಂದರ ಮೇಲೊಂದು ಓಡದಂತೆ ತಡೆಯುವ ಅದರ ಬೀಗ ತಾನಾಗಿ 24 ಗಂಟೆ ಇರುತ್ತದೆ. ಕೆಲಸದ ಮಧ್ಯೆ ಕರೆಂಟು ಹೋದರೆ ಬೀಗ ಹಾಗೇ ಉಳಿಯಬಹುದು, ಮುಂದಿನ ಓಟಗಳೆಲ್ಲ ಸದ್ದಿಲ್ಲದೆ ತಪ್ಪುತ್ತವೆ. ಹತ್ತು ನಿಮಿಷದ ಕೆಲಸಕ್ಕೆ ಬೀಗವೂ ಮೂವತ್ತು ನಿಮಿಷಕ್ಕೆ ಸಾಕು, ಅಷ್ಟೇ ಕೊಡಿ. ಕ್ರಾನ್ ಜೊತೆ ಬಳಸುವ ಎಫ್‌ಲಾಕ್ ಎಂಬ ಬೀಗದ ಕಮಾಂಡಿಗೆ ಈ ತೊಂದರೆ ಇಲ್ಲ. ಆ ಬೀಗವನ್ನು ಕರ್ನಲ್ (ಲಿನಕ್ಸಿನ ತಿರುಳು) ಹಿಡಿದಿರುತ್ತದೆ, ಪ್ರೋಸೆಸ್ ಸತ್ತರೆ ಬೀಗವೂ ಬಿಟ್ಟುಹೋಗುತ್ತದೆ.

ಮೂರು ಕೆಲಸಕ್ಕೋಸ್ಕರ ಸುಮ್ನೆ ರೆಡಿಸ್ ತಂದು ಕೂರಿಸಬೇಡಿ. ಅದನ್ನು ನೋಡಿಕೊಳ್ಳುವುದೇ ನಾಲ್ಕನೇ ಕೆಲಸವಾಗುತ್ತದೆ. ಈಗಾಗಲೇ ಕ್ಯೂ ಇದ್ದರೆ ಮಾತ್ರ ಈ ದಾರಿ.

ಹೊರಗಿನವರ ಗಡಿಯಾರ

ಕೋಡ್ ಇಡುವ ತಾಣ ಗಿಟ್‌ಹಬ್‌ನ ಆಕ್ಷನ್ಸ್‌ನಂಥವುಗಳಲ್ಲೂ ಹೊತ್ತು ಹಾಕಬಹುದು. 5 ನಿಮಿಷಕ್ಕಿಂತ ಹತ್ತಿರ ಆಗುವುದಿಲ್ಲ. ಗಂಟೆ ಸರಿಯಾಗಿ ಹೊಡೆಯುವ ಹೊತ್ತಿಗೆ ಎಲ್ಲರದ್ದೂ ಒಟ್ಟಿಗೆ ಬರುವುದರಿಂದ ತಡವಾಗುತ್ತದೆ, ಕೆಲವೊಮ್ಮೆ ಓಡದೆಯೂ ಹೋಗಬಹುದು. ಸಾರ್ವಜನಿಕ ರೆಪೊಸಿಟರಿಯಲ್ಲಿ (ಕೋಡ್ ಇಟ್ಟ ಜಾಗ) 60 ದಿನ ಏನೂ ಚಟುವಟಿಕೆ ಇಲ್ಲದಿದ್ದರೆ ಶೆಡ್ಯೂಲ್ ತಾನೇ ನಿಲ್ಲುತ್ತದೆ. ಹೋಮ್‌ಸ್ಟೇ ಸೈಟಿನ ಕ್ಯಾಲೆಂಡರ್ ಹೊಸದು ಮಾಡಲು ಇದು ಸಾಕು. ದರಕ್ಕೆ ಬೇಡ.

ನಿಮ್ಮ ಸೈಟಿನ ಒಂದು ವಿಳಾಸವನ್ನು ಹೊತ್ತಿಗೆ ಸರಿಯಾಗಿ ಕರೆಯುವ ಕ್ಲೌಡ್ ಶೆಡ್ಯೂಲರ್‌ಗಳು ಇದಕ್ಕಿಂತ ನಂಬಿಕಸ್ಥ. ಆದರೆ ಆ ಕರೆಯೊಳಗೇ ಸಾವಿರ ಎಸ್‌ಎಂಎಸ್ ಕಳಿಸಲು ಹೋಗಬೇಡಿ. ಗುನಿಕಾರ್ನ್ ತಾನಾಗಿ 30 ಸೆಕೆಂಡಿಗೆ, ಅದರ ಮುಂದಿರುವ ವೆಬ್ ಸರ್ವರ್ ಎಂಜಿನ್‌ಎಕ್ಸ್ 60 ಸೆಕೆಂಡಿಗೆ ಕೈಬಿಡುತ್ತದೆ. ಅರ್ಧ ಜನರಿಗೆ ಹೋಗಿ ಅರ್ಧ ಜನರಿಗೆ ಹೋಗುವುದಿಲ್ಲ. ಕರೆ ಬಂದಾಗ ಕೆಲಸವನ್ನು ಗುರುತು ಹಾಕಿಕೊಂಡು ತಕ್ಷಣ ಉತ್ತರ ಕೊಡಿ, ಮಾಡುವುದು ಹಿಂದೆ ನಡೆಯಲಿ. ವಿಳಾಸಕ್ಕೆ ಒಂದು ಗುಟ್ಟಿನ ಕೀಲಿಯೂ ಇರಲಿ, ಇಲ್ಲದಿದ್ದರೆ ಯಾರು ಬೇಕಾದರೂ ಕರೆದಾರು.

ಐದೂವರೆ ಗಂಟೆಯ ವ್ಯತ್ಯಾಸ

ಬಾಡಿಗೆ ಸರ್ವರ್‌ಗಳು ಬಹುಪಾಲು ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಹೊತ್ತಿನಲ್ಲಿರುತ್ತವೆ. ಸೆಲರಿಯೂ ತಾನಾಗಿ ಯುಟಿಸಿಯೇ. ಅಲ್ಲಿ "0 6 * * *" ಎಂದು ಬರೆದರೆ ನಮಗೆ ಬೆಳಿಗ್ಗೆ 11:30. ಮಂಡಿಗೆ ಹೊರಟವರು ತಲುಪಿ ಆಗಿರುತ್ತದೆ. ನಮ್ಮ 6 ಗಂಟೆಗೆ ಅಲ್ಲಿ "30 0 * * *" ಬರೆಯಬೇಕು. ಮೆಸೇಜ್ ದಿನಾ 11:30ಕ್ಕೇ ಬರುತ್ತಿದ್ದರೆ ಬೇರೆ ಏನೂ ಹುಡುಕಬೇಡಿ.

ಇದರ ಇನ್ನೊಂದು ಮುಖ ತಾರೀಖಿನದು. ನಮ್ಮ ಬೆಳಿಗ್ಗೆ 5:30ಕ್ಕಿಂತ ಮುಂಚೆ ಯುಟಿಸಿಯಲ್ಲಿ ಇನ್ನೂ ನಿನ್ನೆಯೇ. ರಾತ್ರಿ 2ರ ಬ್ಯಾಕಪ್ಪಿಗೆ ಹಿಂದಿನ ದಿನದ ಹೆಸರು ಬೀಳುತ್ತದೆ, ಒಂದನೇ ತಾರೀಖು ರಾತ್ರಿ 1ಕ್ಕೆ ಬಡ್ಡಿ ಹಾಕಿದರೆ ಹಿಂದಿನ ತಿಂಗಳಿಗೆ ಸೇರುತ್ತದೆ. ಕೋಡಿನಲ್ಲಿ "ಇವತ್ತು" ಎಂದು ಕೇಳುವ ಕಡೆಯೆಲ್ಲ ಏಷ್ಯಾ ಕೋಲ್ಕತಾ ಟೈಮ್‌ಜೋನ್ ಹೆಸರಿಸಿಯೇ ಕೇಳಿ. ಸರ್ವರಿನ ಟೈಮ್‌ಜೋನನ್ನೇ ಬದಲಿಸಿದರೆ ಕ್ರಾನನ್ನೂ ರೀಸ್ಟಾರ್ಟ್ ಮಾಡಿ, ಇಲ್ಲದಿದ್ದರೆ ಅದು ಹಳೆಯ ಹೊತ್ತನ್ನೇ ಹಿಡಿದು ಕೂರುತ್ತದೆ.

ಹಾಗಾದರೆ ಯಾವುದು

ಆಫೀಸಿನ ಒಂದೇ ಮೆಷಿನ್‌ಗೆ ಸಿಸ್ಟಮ್‌ಡಿ ಟೈಮರ್. ಶೇರ್ಡ್ ಹೋಸ್ಟಿಂಗ್‌ನಲ್ಲಿ (ಹಲವರು ಹಂಚಿಕೊಳ್ಳುವ ಬಾಡಿಗೆ ಸರ್ವರ್) ಪ್ಯಾನೆಲ್‌ನ ಕ್ರಾನ್, ಅದಕ್ಕಿಂತ ಬೇರೆ ಸಿಗುವುದೂ ಇಲ್ಲ. ಕ್ಯೂ ಇರುವ ದೊಡ್ಡ ಅಪ್ಲಿಕೇಶನ್‌ಗೆ ಸೆಲರಿ ಬೀಟ್. ಮಳೆಗಾಲದಲ್ಲಿ ಆಫೀಸಿನ ಕರೆಂಟನ್ನು ನಂಬಲಾಗದಿದ್ದರೆ, ದರದ ಮೆಸೇಜನ್ನಾದರೂ ಮುಂಬೈ ಕಡೆಯ ಒಂದು ಬಾಡಿಗೆ ಸರ್ವರ್‌ಗೆ ಸಾಗಿಸಿ. ಬ್ಯಾಕಪ್ ಇಲ್ಲೇ ಟೈಮರ್‌ನಲ್ಲಿ ಇರಲಿ.

ಬಡ್ಡಿಗೆ ಮಾತ್ರ ನಾನು ಯಾವ ಶೆಡ್ಯೂಲರನ್ನೂ ಪೂರ್ತಿ ನಂಬುವುದಿಲ್ಲ. ತಿಂಗಳಿಗೊಮ್ಮೆ ಎಂದು ಹಾಕಬೇಡಿ, ದಿನಾ ಓಡಿಸಿ. "ಈ ತಿಂಗಳ ಬಡ್ಡಿ ಈ ಖಾತೆಗೆ ಬಿದ್ದಿಲ್ಲವಾದರೆ ಹಾಕು" ಎಂದು ಕೋಡಿನಲ್ಲಿ ಬರೆಯಿರಿ. ಡೇಟಾಬೇಸಿನಲ್ಲಿ ಖಾತೆ ಸಂಖ್ಯೆ ಮತ್ತು ತಿಂಗಳು ಸೇರಿಸಿ ಯುನೀಕ್ ನಿರ್ಬಂಧ (ಅದೇ ಜೋಡಿ ಎರಡನೇ ಸಲ ಸೇರದಂತೆ ತಡೆ) ಹಾಕಿ. ಆಗ ಒಂದನೇ ತಾರೀಖು ಕರೆಂಟಿಲ್ಲದಿದ್ದರೆ ಎರಡನೇ ತಾರೀಖು ಬೀಳುತ್ತದೆ. ತಪ್ಪಿ ಎರಡು ಸಲ ಓಡಿದರೆ ಎರಡನೆಯದನ್ನು ಡೇಟಾಬೇಸೇ ತಳ್ಳಿಹಾಕುತ್ತದೆ. ದರದ ಮೆಸೇಜಿಗೂ ಸದಸ್ಯರೊಬ್ಬೊಬ್ಬರಿಗೆ ಕಳಿಸಿದ ಗುರುತು ಇಡಿ, ಮಧ್ಯೆ ನಿಂತರೆ ಉಳಿದವರಿಗೆ ಮಾತ್ರ ಹೋಗುತ್ತದೆ. 8 ಗಂಟೆ ದಾಟಿದ್ದರೆ ಕಳಿಸಬೇಡ ಎಂಬ ಸಾಲನ್ನೂ ಅಲ್ಲೇ ಸೇರಿಸಿ.

ಇನ್ನು, ನಿಂತದ್ದು ನಿಮಗೆ ಮೊದಲು ಗೊತ್ತಾಗಬೇಕಲ್ಲ? ಕೆಲಸ ಸೋತಾಗ ಮೇಲ್ ಕಳಿಸು ಎಂದು ಬರೆದರೆ ಸಾಲದು, ಮೆಷಿನ್ನೇ ಆಫ್ ಆದಾಗ ಆ ಮೇಲ್ ಕಳಿಸುವವರು ಯಾರು? ತಿರುಗಿಸಿ ಮಾಡಿ. ಕೆಲಸ ಸರಿಯಾಗಿ ಮುಗಿದಾಗ ಹೊರಗಿನ ಒಂದು ವಿಳಾಸಕ್ಕೆ ಪಿಂಗ್ (ಒಂದು ಸಣ್ಣ ಕರೆ) ಹೋಗಲಿ. ಹೊತ್ತಿಗೆ ಪಿಂಗ್ ಬಾರದಿದ್ದರೆ ಆ ಹೊರಗಿನವರು ನಿಮಗೆ ತಿಳಿಸಲಿ. ಹೆಲ್ತ್‌ಚೆಕ್ಸ್ ಡಾಟ್ ಐಒ ಇದೇ ಕೆಲಸ ಮಾಡುತ್ತದೆ. ಅದರ ಕೋಡ್ ಮುಕ್ತವಾಗಿರುವುದರಿಂದ ಬೇಕಿದ್ದರೆ ನಿಮ್ಮದೇ ಸರ್ವರಿನಲ್ಲೂ ಇಟ್ಟುಕೊಳ್ಳಬಹುದು. ಆದರೆ ಕೆಲಸ ಓಡುವ ಅದೇ ಮೆಷಿನ್‌ನಲ್ಲಿ ಇಡಬೇಡಿ. ದರದ ಕೆಲಸಕ್ಕೆ ಕಾಯುವ ಅವಧಿ 15 ನಿಮಿಷ ಇಡಿ. 6:15ಕ್ಕೆ ನಿಮ್ಮ ಫೋನು ಬಡಿದುಕೊಂಡರೆ, 8ರೊಳಗೆ ಕೈಯಾರೆ ಓಡಿಸಲು ಹೊತ್ತಿರುತ್ತದೆ. ಬ್ಯಾಕಪ್ಪಿಗೆ ಅಷ್ಟು ಅವಸರ ಬೇಡ, 12 ಗಂಟೆ ಕೊಡಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಸುಮ್ಮಸುಮ್ಮನೆ ನಿದ್ದೆಗೆಟ್ಟು, ಕೊನೆಗೆ ನೀವೇ ಆ ಎಚ್ಚರಿಕೆಯನ್ನು ಆಫ್ ಮಾಡಿಬಿಡುತ್ತೀರಿ.